ತಂತಿಯಿಲ್ಲದ ನೆರೆಹೊರೆ

ನೆರೆಹೊರೆಯು ಮಾನವ ಸಮಾಜದ ಅತಿ ಹಳೆಯ ಸಂಸ್ಥೆಗಳಲ್ಲಿ ಒಂದು. ಅರಸೊತ್ತಿಗೆಗಳು ಹುಟ್ಟುವ ಮೊದಲೇ, ಸಂತೆ ಪೇಟೆಗಳು ಕಾಣಿಸಿಕೊಳ್ಳುವ ಮೊದಲೇ, ಮನೆಯಿಂದ ಮನೆಗೆ ಕೊಡುಕೊಳ್ಳುವಿಕೆ ನಡೆಯುತ್ತಿತ್ತು. ಹಾಲಿಗೆ ಹೆಪ್ಪು ಬೇಕಾದರೆ, ಒಲೆಗೆ ಕೆಂಡ ಬೇಕಾದರೆ, ಹೊಲಕ್ಕೆ ಕೂರಿಗೆ ಬೇಕಾದರೆ ಜನರು ಪಕ್ಕದ ಮನೆಯ ಬಾಗಿಲನ್ನು ತಟ್ಟುತ್ತಿದ್ದರು. ಒಂದು ಚಮಚ ಹೆಪ್ಪಿಗಾಗಿ ಪರವೂರಿಗೆ ಪಯಣ ಬೆಳೆಸಿದವರು ಯಾರೂ ಇಲ್ಲ. ಬೇಕಾದುದು ಹತ್ತಿರದಲ್ಲಿಯೇ ಇರುವಾಗ ಅದನ್ನು ದೂರದಿಂದ ತರಿಸುವುದು ವಿವೇಕವಲ್ಲ ಎಂಬ ಈ ಸರಳ ನೀತಿಯನ್ನು ನಾಡಿನ ಜನ ತಲೆತಲಾಂತರದಿಂದ ಪಾಲಿಸಿಕೊಂಡು ಬಂದಿದ್ದಾರೆ.

ಗಣಕಯಂತ್ರವು ಮನೆಗೆ ಬಂದ ಈ ಕಾಲದಲ್ಲಿ ಆ ನೀತಿಯು ಸದ್ದಿಲ್ಲದೆ ಮರೆಯಾಗುತ್ತಿದೆ. ವಿಜಯಪುರ ಜಿಲ್ಲೆಯ ತಿಕೋಟಾದ ಒಂದೇ ಓಣಿಯಲ್ಲಿ, ಎದುರುಬದುರು ಮನೆಗಳಲ್ಲಿ ಇಬ್ಬರು ಗೆಳತಿಯರು ಇದ್ದಾರೆಂದು ಭಾವಿಸೋಣ. ಒಬ್ಬಳು ತನ್ನ ಗಣಕದಲ್ಲಿ ಸಿದ್ಧಪಡಿಸಿದ ವಿಜ್ಞಾನದ ಟಿಪ್ಪಣಿಯನ್ನು ಇನ್ನೊಬ್ಬಳಿಗೆ ಕಳುಹಿಸುತ್ತಾಳೆ. ಆ ಟಿಪ್ಪಣಿಯು ಓಣಿಯನ್ನು ನೇರವಾಗಿ ದಾಟುವುದಿಲ್ಲ. ಅದು ಮೊದಲು ದೂರವಾಣಿ ಸಂಸ್ಥೆಯ ಗೋಪುರಕ್ಕೆ ಹೋಗುತ್ತದೆ. ಅಲ್ಲಿಂದ ನೆಲದೊಳಗಿನ ಗಾಜಿನ ಎಳೆಗಳ ಮೂಲಕ ಯಾವುದೋ ಮಹಾನಗರದಲ್ಲಿರುವ, ಯಾವುದೋ ಕಂಪನಿಗೆ ಸೇರಿದ ಗಣಕವನ್ನು ತಲುಪುತ್ತದೆ. ಅಲ್ಲಿ ತಂಗಿ, ಬಂದ ದಾರಿಯಲ್ಲಿಯೇ ಹಿಂದಿರುಗಿ, ಕೊನೆಗೆ ಎದುರುಮನೆಯನ್ನು ಸೇರುತ್ತದೆ. ಹತ್ತು ಹೆಜ್ಜೆಯ ದಾರಿಗೆ ನೂರಾರು ಹರದಾರಿಯ ಸುತ್ತು! ಈ ಸುತ್ತು ಕ್ಷಣಾರ್ಧದಲ್ಲಿ ಮುಗಿಯುವುದರಿಂದ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನಡುದಾರಿಯಲ್ಲಿ ಎಲ್ಲಿಯಾದರೂ ಒಂದು ಎಳೆ ಕಡಿದರೆ, ಗೋಪುರಕ್ಕೆ ವಿದ್ಯುತ್ತು ನಿಂತರೆ, ಎದುರುಬದುರಿನ ಎರಡು ಮನೆಗಳು ಒಮ್ಮೆಲೇ ಪರಸ್ಪರ ದೂರವಾಗುತ್ತವೆ.

ಈ ಪರಾವಲಂಬನೆಯು ಅನಿವಾರ್ಯವೆಂದು ಅನೇಕರು ತಿಳಿದಿದ್ದಾರೆ. ಅದು ಅನಿವಾರ್ಯವಲ್ಲ. ಹತ್ತಿರದಲ್ಲಿರುವ ಎರಡು ಗಣಕಗಳು ನಡುವೆ ಯಾವ ಮಧ್ಯಸ್ಥನೂ ಇಲ್ಲದೆ, ತಂತಿಯೂ ಇಲ್ಲದೆ, ನೇರವಾಗಿ ಮಾತನಾಡಬಲ್ಲವು. ಅಂತಹ ಚಿಕ್ಕ ನಿಸ್ತಂತು ಜಾಲವನ್ನು ಕಟ್ಟುವುದು ಪ್ರೌಢಶಾಲೆಯ ವಿದ್ಯಾರ್ಥಿಯ ಬುದ್ಧಿಗೂ ಕೈಗೂ ನಿಲುಕುವ ಕೆಲಸ. ದೊಡ್ಡ ಜಾಲವನ್ನು ಬಳಸುವುದರೊಂದಿಗೆ ಚಿಕ್ಕ ಜಾಲವನ್ನು ಕಟ್ಟುವುದನ್ನೂ ಇಂದಿನ ಎಳೆಯರು ಕಲಿಯಬೇಕು. ಬಳಸುವವನು ಗಿರಾಕಿಯಾಗಿ ಉಳಿಯುತ್ತಾನೆ. ಕಟ್ಟುವವನು ಮಾತ್ರ ತನ್ನ ಉಪಕರಣದ ಒಡೆಯನಾಗುತ್ತಾನೆ.

ತಂತಿಯಿಲ್ಲದೆ ಸಂಕೇತವನ್ನು ಕಳುಹಿಸುವ ವಿದ್ಯೆಯು ಭಾರತಕ್ಕೆ ಹೊಸದಲ್ಲ. 1895ರಲ್ಲಿ ಕೊಲ್ಕತ್ತದಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಣ್ಣಿಗೆ ಕಾಣದ ವಿದ್ಯುತ್ಕಾಂತ ತರಂಗಗಳನ್ನು ಗೋಡೆಗಳಾಚೆ ಕಳುಹಿಸಿ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ, ಮದ್ದಿನ ಪುಡಿಯನ್ನು ಸಿಡಿಸಿ ತೋರಿಸಿದರು. ಅಂತಹ ತರಂಗಗಳಿಂದ ಗಣಕಗಳನ್ನು ಜೋಡಿಸುವ ಪ್ರಯೋಗವು 1971ರಲ್ಲಿ ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಲ್ಲಿ ಸಫಲವಾಯಿತು. ಅಲ್ಲಿನ ವಿಶ್ವವಿದ್ಯಾಲಯವು ಬೇರೆ ಬೇರೆ ದ್ವೀಪಗಳಲ್ಲಿ ಹರಡಿಕೊಂಡಿತ್ತು. ಸಮುದ್ರದೊಳಗೆ ತಂತಿ ಎಳೆಯುವುದು ಸುಲಭವಾಗಿರಲಿಲ್ಲ. ಆಗ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ರೇಡಿಯೊ ತರಂಗಗಳ ಮೂಲಕವೇ ಗಣಕದ ಸಂದೇಶಗಳನ್ನು ದ್ವೀಪದಿಂದ ದ್ವೀಪಕ್ಕೆ ದಾಟಿಸಿದರು. ಆ ಜಾಲಕ್ಕೆ ‘ಅಲೋಹ’ ಎಂದು ಹೆಸರಿಟ್ಟರು. ದ್ವೀಪವಾಸಿಗಳು ಪರಸ್ಪರ ಕಂಡಾಗ ಹೇಳುವ ನಮಸ್ಕಾರದ ಮಾತು ಅದು. ಅದೇ ಚಿಂತನೆಯು ಬೆಳೆದು, 1997ರಲ್ಲಿ ಗಣಕಗಳ ನಿಸ್ತಂತು ಸಂಪರ್ಕಕ್ಕೆ ಒಂದು ಅಂತರರಾಷ್ಟ್ರೀಯ ನಿಯಮಾವಳಿಯು ರೂಪುಗೊಂಡಿತು. ಇಂದು ‘ವೈ-ಫೈ’ ಎಂದು ಕರೆಯಲ್ಪಡುವುದು ಅದೇ. ಕೇಂದ್ರ ಯಂತ್ರವೊಂದರ ಮೂಲಕ ಮಾತನಾಡುವ ವಿಧಾನ ಮತ್ತು ಗಣಕಗಳು ತಾವು ತಾವೇ ನೇರವಾಗಿ ಮಾತನಾಡುವ ವಿಧಾನ, ಇವೆರಡಕ್ಕೂ ಆ ನಿಯಮಾವಳಿಯಲ್ಲಿ ಆರಂಭದಿಂದಲೇ ಸ್ಥಾನವಿತ್ತು.

ಭಾರತದಲ್ಲಿ ಈ ವಿದ್ಯೆಯು ಸಾಮಾನ್ಯರ ಕೈಗೆ ಬರಲು ಕಾನೂನಿನ ಬಾಗಿಲೂ ತೆರೆಯಬೇಕಾಗಿತ್ತು. 1933ರ ಕಾಯಿದೆಯಂತೆ ನಿಸ್ತಂತು ಉಪಕರಣವನ್ನು ಇಟ್ಟುಕೊಳ್ಳಲು ಸರ್ಕಾರದ ಪರವಾನಗಿ ಅಗತ್ಯವಾಗಿತ್ತು. 2005ರಲ್ಲಿ ಕೇಂದ್ರ ಸರ್ಕಾರವು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳನ್ನು ಪರವಾನಗಿಯಿಲ್ಲದೆ ಬಳಸಲು ಅವಕಾಶ ನೀಡಿತು. ಅಂದಿನಿಂದ ಆ ತರಂಗಗಳ ಪಟ್ಟಿಯು ಊರಿನ ಗೋಮಾಳದಂತೆ ಎಲ್ಲರಿಗೂ ಸೇರಿದ್ದಾಗಿದೆ. ಗೋಮಾಳಕ್ಕೆ ಮಿತಿಯೂ ಮರ್ಯಾದೆಯೂ ಇರುವಂತೆ ಇದಕ್ಕೂ ಇವೆ. ನಿಗದಿಪಡಿಸಿದ ಶಕ್ತಿಯನ್ನು ಮೀರಬಾರದು. ಇತರರ ಬಳಕೆಗೆ ಅಡ್ಡಿಯಾಗಬಾರದು.

ಈ ಜಾಲದ ಕಾರ್ಯವಿಧಾನವನ್ನು ಅರಿಯಲು ವಿಜಯಪುರದ ಗೋಲಗುಮ್ಮಟಕ್ಕಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ. 1656ರಲ್ಲಿ ನಿಧನನಾದ ಮುಹಮ್ಮದ್ ಆದಿಲ್ ಶಾಹನ ಸಮಾಧಿಯಾದ ಆ ಮಹಾಕಟ್ಟಡದ ಪಿಸುಮಾತಿನ ಮೊಗಸಾಲೆಯಲ್ಲಿ ಒಬ್ಬನು ಗೋಡೆಗೆ ಮುಖ ಮಾಡಿ ಮೆಲ್ಲಗೆ ಉಸುರಿದರೆ, ಸುಮಾರು 37 ಮೀಟರ್ ದೂರದಲ್ಲಿ ಎದುರು ಬದಿಗೆ ನಿಂತವನಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ನಡುವೆ ದೂತನಿಲ್ಲ, ತಂತಿಯಿಲ್ಲ. ಹೇಳುವವನು, ಕೇಳುವವನು, ಅವರ ನಡುವೆ ಅಲೆ, ಇಷ್ಟೇ. ನಿಸ್ತಂತು ಜಾಲದ ತತ್ತ್ವವೂ ಇಷ್ಟೇ. ಶಬ್ದದ ಅಲೆಗೆ ಸಾಗಲು ಗಾಳಿ ಬೇಕು. ರೇಡಿಯೊ ಅಲೆಗೆ ಗಾಳಿಯೂ ಬೇಡ. ಶಬ್ದವು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ, ರೇಡಿಯೊ ಅಲೆಯು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಸಾಗುತ್ತದೆ. 2.4 ಗಿಗಾಹರ್ಟ್ಸ್ ಎಂದರೆ ಸೆಕೆಂಡಿಗೆ 240 ಕೋಟಿ ಕಂಪನಗಳು. ಆ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತಲೂ ಕಡಿಮೆ.

ಗೋಲಗುಮ್ಮಟವು ಇನ್ನೊಂದು ಪಾಠವನ್ನೂ ಕಲಿಸುತ್ತದೆ. ಅಲ್ಲಿ ಒಮ್ಮೆ ಕೂಗಿದರೆ ಪ್ರತಿಧ್ವನಿಯು ಏಳಕ್ಕಿಂತಲೂ ಹೆಚ್ಚು ಬಾರಿ ಮರಳುತ್ತದೆ. ಪ್ರವಾಸಕ್ಕೆ ಬಂದ ಮಕ್ಕಳೆಲ್ಲ ಒಟ್ಟಿಗೆ ಕೂಗಿದಾಗ ಗದ್ದಲವಲ್ಲದೆ ಬೇರೇನೂ ಉಳಿಯುವುದಿಲ್ಲ. ಯಾರ ಮಾತೂ ಯಾರಿಗೂ ತಿಳಿಯುವುದಿಲ್ಲ. ರೇಡಿಯೊ ತರಂಗಗಳ ಲೋಕದಲ್ಲಿಯೂ ಹೀಗೆಯೇ. ಆದುದರಿಂದ ಪ್ರತಿಯೊಂದು ಗಣಕವೂ ಮಾತನಾಡುವ ಮೊದಲು ಆಲಿಸುತ್ತದೆ. ಬೇರೊಂದು ಗಣಕವು ಮಾತನಾಡುತ್ತಿದ್ದರೆ ಸುಮ್ಮನಿರುತ್ತದೆ. ಎರಡು ಮಾತುಗಳು ಡಿಕ್ಕಿ ಹೊಡೆದು ಹಾಳಾದರೆ, ಎರಡೂ ಗಣಕಗಳು ಒಂದೊಂದು ಬೇರೆ ಬೇರೆ ಅವಧಿಯವರೆಗೆ ತಡೆದು ಪುನಃ ಪ್ರಯತ್ನಿಸುತ್ತವೆ. ಹವಾಯಿ ದ್ವೀಪಗಳ ಪ್ರಯೋಗದಲ್ಲಿ ಮೊಳೆತ ಉಪಾಯ ಇದು. ಮೊದಲು ಕೇಳು, ಅನಂತರ ಹೇಳು ಎಂಬ ಸಭ್ಯತೆಯನ್ನು ಯಂತ್ರಗಳಿಗೂ ಕಲಿಸಬೇಕಾಯಿತು ಎಂಬುದು ಮನುಷ್ಯರು ನೆನಪಿಡಬೇಕಾದ ಸಂಗತಿ.

ಎರಡು ಮನೆಗಳ ಗಣಕಗಳನ್ನು ಹೀಗೆ ಜೋಡಿಸಲು ನಾಲ್ಕು ಒಪ್ಪಂದಗಳು ಸಾಕು. ಒಂದು ಹೊಸ ಓಣಿಯನ್ನು ಕಟ್ಟಿದಂತೆ ಇವನ್ನು ತಿಳಿಯಬಹುದು. ಮೊದಲನೆಯದು ಓಣಿಯ ಹೆಸರು: ಎರಡೂ ಗಣಕಗಳಲ್ಲಿ ಜಾಲಕ್ಕೆ ಒಂದೇ ಹೆಸರನ್ನು ಕೊಡಬೇಕು. ಎರಡನೆಯದು ದಾರಿ: 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಸಂಖ್ಯೆ ಕೊಟ್ಟು ಗುರುತಿಸಿದ ಹಲವು ಚಾನೆಲುಗಳಿವೆ. ಎರಡೂ ಗಣಕಗಳು ಒಂದೇ ಚಾನೆಲನ್ನು ಆರಿಸಿಕೊಳ್ಳಬೇಕು. ಅಕ್ಕಪಕ್ಕದ ಚಾನೆಲುಗಳು ಒಂದರ ಮೇಲೊಂದು ಹಾಯುತ್ತವೆ. 1, 6 ಮತ್ತು 11ನೆಯವು ಮಾತ್ರ ಪರಸ್ಪರ ತಾಗದಷ್ಟು ದೂರದಲ್ಲಿವೆ. ಆದುದರಿಂದ ನೆರೆಯವರು 1ನೆಯದನ್ನು ಬಳಸುತ್ತಿದ್ದರೆ 6 ಅಥವಾ 11ನ್ನು ಆರಿಸುವುದು ಇಬ್ಬರಿಗೂ ಹಿತ. ಮೂರನೆಯದು ಮನೆಯ ಸಂಖ್ಯೆ: ಪ್ರತಿಯೊಂದು ಗಣಕಕ್ಕೂ ಬೇರೆ ಬೇರೆ ಅಂಕೆಯ ವಿಳಾಸವಿರಬೇಕು. ಒಂದಕ್ಕೆ 192.168.1.1 ಎಂದೂ ಇನ್ನೊಂದಕ್ಕೆ 192.168.1.2 ಎಂದೂ ಕೊಡಬಹುದು. ಈ ಬಗೆಯ ವಿಳಾಸಗಳನ್ನು ಖಾಸಗಿ ಜಾಲಗಳಿಗಾಗಿಯೇ ಮೀಸಲಿಡಲಾಗಿದೆ. ಯಾರೂ ಯಾರನ್ನೂ ಕೇಳದೆ ತಮ್ಮ ಮನೆಯಲ್ಲಿ ಇವನ್ನು ಬಳಸಬಹುದು. ನಾಲ್ಕನೆಯದು ಬಾಗಿಲಿನ ಕೀಲಿ: ಜಾಲವನ್ನು ಪ್ರವೇಶಿಸಲು ಬೇಕಾದ ಗುಪ್ತಪದ. ಇಷ್ಟಾದ ಮೇಲೆ ಯಾವ ಕಡತಗಳನ್ನು ನೆರೆಯವರೊಡನೆ ಹಂಚಿಕೊಳ್ಳಬೇಕು, ಯಾವುದನ್ನು ಹಂಚಿಕೊಳ್ಳಬಾರದು ಎಂಬುದನ್ನು ಗಣಕದ ಒಡೆಯನು ನಿರ್ಧರಿಸಿದರೆ ಕೆಲಸವು ಪೂರ್ಣವಾಯಿತು.

ಹಳೆಯ ಈ ನೇರ ವಿಧಾನವು ಇಂದಿನ ಎಲ್ಲ ಯಂತ್ರಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ ಎಂಬುದು ನಿಜ. ಅದರ ಬದಲು 2010ರಲ್ಲಿ ‘ವೈ-ಫೈ ಡೈರೆಕ್ಟ್’ ಎಂಬ ಹೊಸ ವಿಧಾನವು ಬಂದಿದೆ. ಅದರಲ್ಲಿ ಗುಂಪಿನ ಯಂತ್ರಗಳಲ್ಲಿ ಒಂದು ತಾನೇ ಮುಖ್ಯಸ್ಥನಾಗಿ ನಿಂತು ಉಳಿದವುಗಳನ್ನು ಕೂಡಿಸುತ್ತದೆ. ಮೊಬೈಲ್ ಫೋನಿನ ‘ಹಾಟ್‌ಸ್ಪಾಟ್’ ಸಹ ಹೀಗೆಯೇ ಒಂದು ಚಿಕ್ಕ ಜಾಲವನ್ನು ಹುಟ್ಟಿಸಬಲ್ಲದು. ವಿಧಾನ ಯಾವುದೇ ಇರಲಿ, ಅದರ ತಿರುಳು ಒಂದೇ: ಮನೆಯೊಳಗಿನ ಮತ್ತು ಓಣಿಯೊಳಗಿನ ಮಾತಿಗೆ ಅಂತರಜಾಲದ ಹಂಗು ಬೇಕಾಗಿಲ್ಲ.

ಇಂತಹ ಜಾಲವು ಎಷ್ಟು ದೂರ ಮುಟ್ಟುತ್ತದೆ ಎಂಬುದು ಸಹಜವಾದ ಪ್ರಶ್ನೆ. ಸಾಮಾನ್ಯ ಗಣಕಗಳ ನಡುವೆ ಅದು ಮನೆಯೊಳಗೆ ಕೆಲವೇ ಕೋಣೆಗಳನ್ನು, ಬಯಲಿನಲ್ಲಿ ನೂರು ಮೀಟರಿನ ಆಸುಪಾಸನ್ನು ಮುಟ್ಟಬಹುದು. ದಪ್ಪವಾದ ಕಲ್ಲಿನ ಗೋಡೆಗಳು ಅಲೆಯನ್ನು ಕುಂದಿಸುತ್ತವೆ. ನೀರಿನಂಶ ತುಂಬಿದ ಮರಗಿಡಗಳ ಎಲೆಗಳು ಅದನ್ನು ಹೀರಿಕೊಳ್ಳುತ್ತವೆ. ದಿಕ್ಕು ಹಿಡಿದು ಕಳುಹಿಸುವ ಆಂಟೆನಾಗಳನ್ನು ಎತ್ತರದಲ್ಲಿ ಕಟ್ಟಿದರೆ ಅದೇ ಅಲೆಯು ಹಲವು ಕಿಲೋಮೀಟರ್ ದೂರವನ್ನೂ ದಾಟಬಲ್ಲದು. ಆದರೆ ಎರಡು ತುದಿಗಳೂ ಒಂದನ್ನೊಂದು ‘ನೋಡುವಂತೆ’ ಇರಬೇಕು. ಈ ಸತ್ಯವನ್ನು ವಿಜಯಪುರದ ಹಿರಿಯರು ಬೇರೊಂದು ಉದ್ದೇಶಕ್ಕಾಗಿ ಬಹು ಹಿಂದೆಯೇ ಅರಿತಿದ್ದರು. ಹದಿನಾರನೆಯ ಶತಮಾನದ ಕೊನೆಯ ಭಾಗದಲ್ಲಿ ಹೈದರ್ ಖಾನನು ಕಟ್ಟಿಸಿದ ಉಪ್ಪಲಿ ಬುರುಜು ಸುಮಾರು 80 ಅಡಿ ಎತ್ತರವಿದೆ. ಅಷ್ಟು ಎತ್ತರದಿಂದ ನೋಡುವವನಿಗೆ ಸಮತಟ್ಟಾದ ನೆಲದ ಮೇಲೆ ಸುಮಾರು 17 ಕಿಲೋಮೀಟರ್ ದೂರದವರೆಗೆ ದಿಗಂತವು ಹರಡಿಕೊಳ್ಳುತ್ತದೆ. ತಿಕೋಟಾ ಮತ್ತು ಬಬಲೇಶ್ವರಗಳು ವಿಜಯಪುರದಿಂದ 20 ಕಿಲೋಮೀಟರಿನ ಆಸುಪಾಸಿನಲ್ಲಿವೆ. ಅಷ್ಟು ದೂರದ ಎರಡು ಸ್ಥಳಗಳ ನಡುವೆ ಭೂಮಿಯ ದುಂಡುತನದಿಂದಲೇ ಸುಮಾರು 8 ಮೀಟರಿನ ಉಬ್ಬು ಇರುತ್ತದೆ. ಅಲೆಯು ಸಾಗುವ ದಾರಿಯ ಸುತ್ತಲೂ ತೆರವು ಬೇಕಾಗುವುದರಿಂದ ಎರಡೂ ಕಡೆ ಇನ್ನೂ ಎತ್ತರವಾದ ಕಂಬಗಳು ಬೇಕು. ಆದುದರಿಂದ ಈ ಮೂರು ಊರುಗಳನ್ನು ಒಂದೇ ನೆಗೆತಕ್ಕೆ ಕೂಡಿಸುವುದು ವಿದ್ಯಾರ್ಥಿಗಳ ಕೆಲಸವಲ್ಲ. ಅದಕ್ಕೆ ಇಂಜಿನಿಯರುಗಳು ಬೇಕು. ಆದರೆ ಒಂದೊಂದು ಊರಿನೊಳಗೆ, ಒಂದೊಂದು ಶಾಲೆಯೊಳಗೆ, ಒಂದೊಂದು ಓಣಿಯೊಳಗೆ ಜಾಲವನ್ನು ಕಟ್ಟಲು ಯಾವ ಅಡ್ಡಿಯೂ ಇಲ್ಲ.

ದೂರದ ನೆಗೆತವು ಸಾಧ್ಯವೆಂಬುದಕ್ಕೆ ತಮಿಳುನಾಡಿನ ತೇನಿಯು ಸಾಕ್ಷಿಯಾಗಿದೆ. ಅಲ್ಲಿನ ಅರವಿಂದ ಕಣ್ಣಿನ ಆಸ್ಪತ್ರೆಯನ್ನು ಸುತ್ತಲಿನ ಹಳ್ಳಿಗಳ ದೃಷ್ಟಿಕೇಂದ್ರಗಳೊಂದಿಗೆ ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಇದೇ ವೈ-ಫೈ ತರಂಗಗಳಿಂದ ಜೋಡಿಸಲಾಯಿತು. ಅಮೆರಿಕದ ಬರ್ಕ್ಲಿಯ ವಿಶ್ವವಿದ್ಯಾಲಯದ ಸಂಶೋಧಕರು ಅದಕ್ಕೆ ನೆರವಾದರು. ಹಳ್ಳಿಯಲ್ಲಿ ಕುಳಿತ ರೋಗಿಯನ್ನು ಪಟ್ಟಣದ ವೈದ್ಯರು ಪರದೆಯ ಮೇಲೆ ಕಂಡು ಮಾತನಾಡಿಸಿದರು. ಕರ್ನಾಟಕದಲ್ಲಿಯೂ ತುಮಕೂರು ಜಿಲ್ಲೆಯ ದೇವರಾಯನದುರ್ಗದ ಪರಿಸರದಲ್ಲಿ ಜನಸ್ತು ಎಂಬ ಸಂಸ್ಥೆಯು ಹಳ್ಳಿಗರೊಡಗೂಡಿ ಸಮುದಾಯದ ನಿಸ್ತಂತು ಜಾಲವನ್ನು ರೂಪಿಸಿದೆ. ಹಳ್ಳಿಯ ಜಾಲವನ್ನು ಹಳ್ಳಿಯವರೇ ನಡೆಸಬಲ್ಲರು ಎಂಬ ನಂಬಿಕೆಯೇ ಅಂತಹ ಪ್ರಯತ್ನಗಳ ತಳಹದಿ.

ಈ ಜಾಲದಿಂದ ಬಬಲೇಶ್ವರದ ಅಥವಾ ತಿಕೋಟಾದ ವಿದ್ಯಾರ್ಥಿಗೆ ಆಗುವ ಪ್ರಯೋಜನವೇನು? ಶಾಲೆಯ ಒಂದು ಗಣಕದಲ್ಲಿ ಪಠ್ಯಪುಸ್ತಕಗಳು, ನಿಘಂಟು, ಪ್ರಯೋಗಗಳ ಚಲನಚಿತ್ರಗಳು, ಹಳೆಯ ಪ್ರಶ್ನೆಪತ್ರಿಕೆಗಳು ಇದ್ದರೆ, ಅವು ಒಂದೇ ವೇಳೆಗೆ ಇಡೀ ತರಗತಿಗೆ ದೊರೆಯುತ್ತವೆ. ವಿಕಿಪೀಡಿಯದಂತಹ ವಿಶ್ವಕೋಶವನ್ನು ಸಹ ಒಮ್ಮೆ ತಂದು ಗಣಕದಲ್ಲಿ ಇರಿಸಿಕೊಂಡು, ಅನಂತರ ಅಂತರಜಾಲವಿಲ್ಲದೆ ಓದುವ ಅನುಕೂಲವಿಂದು ಉಂಟು. ಹೊರಗಿನಿಂದ ಒಮ್ಮೆ ತಂದುದನ್ನು ನಲವತ್ತು ಮಂದಿ ಹಂಚಿಕೊಳ್ಳುವರೇ ಹೊರತು, ನಲವತ್ತು ಮಂದಿ ನಲವತ್ತು ಸಲ ಹಣ ತೆತ್ತು ತರಬೇಕಾಗಿಲ್ಲ. ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರ ಮನೆಗಳಲ್ಲಿ ಮಳೆಯ ದಾಖಲೆ, ಔಷಧ ಸಿಂಪಡಿಸಿದ ದಿನಗಳ ಲೆಕ್ಕ, ಒಣದ್ರಾಕ್ಷಿಯ ಮಾರಾಟದ ವಿವರ ಇರುತ್ತವೆ. ಅಕ್ಕಪಕ್ಕದ ತೋಟಗಳವರು ಬಯಸಿದರೆ ಇವನ್ನು ತಮ್ಮೊಳಗೇ ಹೋಲಿಸಿ ನೋಡಬಹುದು. 2020 ಮತ್ತು 2021ರಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದ್ದಾಗ ನಾಡಿನ ಅದೆಷ್ಟೋ ಮಕ್ಕಳು ಸಂಪರ್ಕದ ಸಂಕೇತ ಹುಡುಕುತ್ತ ಮಾಳಿಗೆ ಏರಿದರು, ಗುಡ್ಡ ಹತ್ತಿದರು. ದೂರದ ದಾರಿಯನ್ನೇ ನಂಬಿ, ಹತ್ತಿರದ ದಾರಿಯನ್ನು ಕಟ್ಟದೆ ಬಿಟ್ಟುದರ ಫಲವನ್ನು ಆ ದಿನಗಳು ತೋರಿಸಿಕೊಟ್ಟವು.

ಇದಕ್ಕೆ ಆಕ್ಷೇಪಣೆಗಳೂ ಇವೆ. ಅಂತರಜಾಲವು ಅಗ್ಗವಾಗಿ ದೊರೆಯುವಾಗ ಈ ಕಷ್ಟವೇಕೆ ಎಂದು ಕೆಲವರು ಕೇಳುತ್ತಾರೆ. ಅಗ್ಗವಾದುದೆಲ್ಲ ಶಾಶ್ವತವಲ್ಲ, ಇಂದಿನ ದರವನ್ನು ನಾಳೆಯೂ ಇಡುವೆನೆಂದು ಯಾವ ವ್ಯಾಪಾರಿಯೂ ಮಾತು ಕೊಟ್ಟಿಲ್ಲ. ಅಲ್ಲದೆ ಪರರ ಮನೆಯ ಮೂಲಕ ಹಾದುಹೋಗುವ ಮಾತು ಪರರ ಲೆಕ್ಕದ ಪುಸ್ತಕದಲ್ಲಿಯೂ ದಾಖಲಾಗುತ್ತದೆ. ಯಾರು ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಸಲ ಕಳುಹಿಸಿದರು ಎಂಬ ಅರಿವೇ ಇಂದು ಮಾರಾಟದ ಸರಕಾಗಿದೆ. ನೆರೆಮನೆಯ ಮಾತು ನೆರೆಮನೆಯಲ್ಲಿಯೇ ಮುಗಿದರೆ ಆ ಸರಕು ಹುಟ್ಟುವುದೇ ಇಲ್ಲ.

ಎರಡನೆಯ ಆಕ್ಷೇಪಣೆಯು ಭದ್ರತೆಯದು. ಇದು ಹೆಚ್ಚು ಗಂಭೀರವಾದುದು. ತಂತಿಯೊಳಗಿನ ಮಾತು ತಂತಿಯೊಳಗಿರುತ್ತದೆ; ಗಾಳಿಯಲ್ಲಿ ತೇಲಿಬಿಟ್ಟ ಮಾತು ಬೀದಿಯಲ್ಲಿ ಹೋಗುವವರಿಗೂ ಕೇಳಿಸಬಹುದು. ಆದುದರಿಂದಲೇ ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸಿ ಕಳುಹಿಸುವ ಏರ್ಪಾಡು ಇದೆ. 1997ರ ಮೊದಲ ಗುಪ್ತಲಿಪಿಯು ದುರ್ಬಲವೆಂದು 2001ರಲ್ಲಿಯೇ ತಜ್ಞರು ತೋರಿಸಿಕೊಟ್ಟರು. 2004ರ ಅನಂತರ ಬಂದ ‘ಡಬ್ಲ್ಯುಪಿಎ-2’ ಎಂಬ ಕ್ರಮವು ಅದಕ್ಕಿಂತ ಬಹಳ ಬಲವಾದುದು. ಹಳೆಯದನ್ನು ಬಿಟ್ಟು ಇದನ್ನು ಅಥವಾ ಇದಕ್ಕಿಂತ ಹೊಸದನ್ನು ಬಳಸಬೇಕು. ಬೀಗವಿಲ್ಲದ ಬಾಗಿಲಿನ ಭಯದಿಂದ ಮನೆಯನ್ನೇ ಕಟ್ಟದಿರುವವರಿಲ್ಲ. ಬಾಗಿಲಿಗೆ ಬೀಗ ಹಾಕುವುದನ್ನು ಕಲಿಯುತ್ತಾರೆ. ಚಿಕ್ಕ ಜಾಲವನ್ನು ಕಟ್ಟುವ ವಿದ್ಯಾರ್ಥಿಯು ಬೀಗದ ಬೆಲೆಯನ್ನು ಅರಿಯುತ್ತಾನೆ. ಅಂತಹವನು ದೊಡ್ಡ ಜಾಲದಲ್ಲಿಯೂ ಸುಲಭವಾಗಿ ಮೋಸಹೋಗುವುದಿಲ್ಲ.

ಹಾಗೆಂದು ಅಂತರಜಾಲವನ್ನು ತೊರೆಯಬೇಕೆಂಬುದು ಈ ವಾದದ ತಾತ್ಪರ್ಯವಲ್ಲ. ಜಗತ್ತಿನ ಜ್ಞಾನವೆಲ್ಲ ಅದರ ಮೂಲಕವೇ ಬರಬೇಕು. ಹೆದ್ದಾರಿಯು ಬೇಕು, ಆದರೆ ಓಣಿಯಿಲ್ಲದ ಊರಿಗೆ ಹೆದ್ದಾರಿಯೊಂದೇ ಬಂದರೆ ಎದುರುಮನೆಗೆ ಹೋಗಲೂ ಹೆದ್ದಾರಿಯನ್ನೇ ಹಿಡಿಯಬೇಕಾಗುತ್ತದೆ.

ಸ್ವಾವಲಂಬನೆಯ ಇಂತಹ ಸಾಹಸಕ್ಕೆ ವಿಜಯಪುರದ ಮಣ್ಣಿನಲ್ಲಿಯೇ ಒಂದು ಹಿರಿಯ ನಿದರ್ಶನವಿದೆ. ವಚನಗಳ ತಾಳೆಗರಿಗಳನ್ನು ಊರೂರು ಅಲೆದು ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು ಅವುಗಳನ್ನು ಅಚ್ಚುಮಾಡಿಸಲು ಪರವೂರಿನ ಮುದ್ರಣಾಲಯಗಳನ್ನು ಅವಲಂಬಿಸಬೇಕಾಗಿತ್ತು. ಅವರು ಆ ಅವಲಂಬನೆಯಲ್ಲಿಯೇ ಉಳಿಯಲಿಲ್ಲ. ಇದ್ದ ಮನೆಯನ್ನು ಮಾರಿ, 1925ರಲ್ಲಿ ವಿಜಯಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಹೊರತಂದರು. ಕನ್ನಡದ ಅಮೂಲ್ಯ ಸಾಹಿತ್ಯ ಭಂಡಾರವು ನಾಡಿಗೆ ದೊರೆಯುವುದರಲ್ಲಿ ಆ ಪುಟ್ಟ ಮುದ್ರಣಾಲಯದ ಪಾಲು ಹಿರಿದು. ಅದು ದೇಶದ ದೊಡ್ಡ ಮುದ್ರಣಾಲಯಗಳೊಡನೆ ಸ್ಪರ್ಧಿಸಲು ಹುಟ್ಟಿದುದಲ್ಲ. ತನ್ನೂರಿನ ಕೆಲಸವನ್ನು ತನ್ನೂರಿನಲ್ಲಿ ಮಾಡಿಕೊಳ್ಳುವ ಹಟದಿಂದ ಹುಟ್ಟಿದುದು.

ಇಂದಿನ ವಿದ್ಯಾರ್ಥಿಯು ಮನೆಯನ್ನು ಮಾರಬೇಕಾಗಿಲ್ಲ. ಬೇಕಾದ ರೇಡಿಯೊ ಉಪಕರಣವು ಈಗಿನ ಹೆಚ್ಚಿನ ಗಣಕಗಳೊಳಗೆ ಆಗಲೇ ಕುಳಿತಿದೆ. ಬೇಕಾದ ತರಂಗವು ಊರಿನ ಗೋಮಾಳದಂತೆ ತೆರೆದಿದೆ. ಕೊರತೆಯಾಗಿರುವುದು ಅರಿವು ಮತ್ತು ಸಂಕಲ್ಪ ಎರಡೇ. ಶಾಲೆಯ ವಿಜ್ಞಾನ ಸಂಘವು ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಡಲಿ. ಉಪಾಧ್ಯಾಯರ ಮಾರ್ಗದರ್ಶನದಲ್ಲಿ ಎರಡು ಗಣಕಗಳಿಗೆ ಒಂದು ಹೆಸರು, ಒಂದು ದಾರಿ, ಎರಡು ವಿಳಾಸ, ಒಂದು ಕೀಲಿಯನ್ನು ಕೊಟ್ಟು ನೋಡಲಿ. ಒಂದರ ಕಡತವು ಇನ್ನೊಂದರ ಪರದೆಯ ಮೇಲೆ ಮೂಡಿದಾಗ ಆ ಮಕ್ಕಳಿಗೆ ಜಾಲವೆಂಬುದು ದೂರದ ಯಾರೋ ದಯಪಾಲಿಸಿದ ವರವಲ್ಲ, ತಮ್ಮ ಕೈಯಾರೆ ಕಟ್ಟಬಹುದಾದ ವಸ್ತು ಎಂಬುದು ಮನದಟ್ಟಾಗುತ್ತದೆ. ನೆರೆಮನೆಯನ್ನು ಮುಟ್ಟುವ ದಾರಿಯನ್ನು ತಾನೇ ಕಟ್ಟಬಲ್ಲ ಊರು ಲೋಕದ ಹೆದ್ದಾರಿಯಲ್ಲಿಯೂ ತಲೆಯೆತ್ತಿ ನಡೆಯುತ್ತದೆ.